ಭಾವಚಿತ್ರ: ಮುಖವೂ ಹೆಸರೂ

ಬೆಳಕಿನ ನೆರವಿನಿಂದ ಬಿಂಬವನ್ನು ಹಿಡಿದಿಡುವ ವಿದ್ಯೆಗೆ ಕನ್ನಡದಲ್ಲಿ ಛಾಯಾಗ್ರಹಣವೆಂದೂ ಅದರಿಂದ ದೊರೆತ ಚಿತ್ರಕ್ಕೆ ಛಾಯಾಚಿತ್ರವೆಂದೂ ಹೆಸರು ಬಂದಿದೆ. ಆದರೆ ಒಬ್ಬ ವ್ಯಕ್ತಿಯ ಮುಖವನ್ನೇ ಪ್ರಧಾನವಾಗಿ ತೋರಿಸುವ ಚಿತ್ರವನ್ನು ನಾವು ಭಾವಚಿತ್ರವೆನ್ನುತ್ತೇವೆ. ಮೊದಲನೆಯ ಮಾತು ಯಂತ್ರದ ಕೆಲಸವನ್ನು ಹೇಳುತ್ತದೆ. ಎರಡನೆಯದು ಯಂತ್ರಕ್ಕೆ ನಿಲುಕದ ಇನ್ನೇನನ್ನೋ ಬಯಸುತ್ತದೆ. ನೆರಳನ್ನು ಹಿಡಿಯಬಹುದು, ಭಾವವನ್ನು ಹಿಡಿಯುವುದೆಂತು? ಹಿಡಿದರೂ ಅದು ಯಾರ ಭಾವ? ಕ್ಯಾಮೆರಾದ ಮುಂದೆ ಕುಳಿತವರದೋ, ಹಿಂದೆ ನಿಂತವರದೋ, ಚಿತ್ರವನ್ನು ತೆಗೆಸಿದವರದೋ? ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಭಾವಚಿತ್ರದ ಚರಿತ್ರೆಯನ್ನು ನೋಡಹೊರಟರೆ, ಚಿತ್ರದ ಕೆಳಗೆ ಹೆಸರು ಇದೆಯೋ ಇಲ್ಲವೋ ಎಂಬ ಸಣ್ಣ ಸಂಗತಿ ಬಹಳ ದೊಡ್ಡದಾಗಿ ಕಾಣತೊಡಗುತ್ತದೆ.

ಹಿಂದಿನ ಕಾಲದಲ್ಲಿ ತಮ್ಮ ರೂಪವನ್ನು ಉಳಿಸಿಹೋಗುವ ಭಾಗ್ಯವು ಅರಸರಿಗೂ ಸಿರಿವಂತರಿಗೂ ಮಾತ್ರ ಇದ್ದಿತು. ಹನ್ನೆರಡನೆಯ ಶತಮಾನದ ಶರಣರ ವಚನಗಳು ನಮಗೆ ಉಳಿದಿವೆ, ಅಂಕಿತಗಳು ಉಳಿದಿವೆ. ಅವರನ್ನು ಎದುರಿಗೆ ಕೂರಿಸಿಕೊಂಡು ಬರೆದ ಚಿತ್ರ ಮಾತ್ರ ಇಲ್ಲ. ಮನೆ ಮಠಗಳಲ್ಲಿ ನಾವು ಕೈಮುಗಿಯುವ ಬಸವಣ್ಣನವರ, ಅಕ್ಕಮಹಾದೇವಿಯವರ ಚಿತ್ರಗಳು ಈಚಿನ ಕಲಾವಿದರ ಕಲ್ಪನೆಯಿಂದ ಮೂಡಿದವು. ಅಂಕಿತ ತಿಳಿದು ಹೆಸರು ತಿಳಿಯದ ವಚನಕಾರರೂ ಇದ್ದಾರೆಂಬುದನ್ನು ಸಾಹಿತ್ಯ ವಿದ್ಯಾರ್ಥಿಗಳು ಬಲ್ಲರು. ಅಲ್ಲಿ ಮಾತು ಉಳಿದು ಮುಖ ಅಳಿಯಿತು. ಛಾಯಾಗ್ರಹಣದ ಯುಗದಲ್ಲಿ ಆದದ್ದು ಇದಕ್ಕೆ ವಿಪರೀತ.

1839ರ ಆಗಸ್ಟ್ 19ರಂದು ಫ್ರಾನ್ಸಿನ ದಾಗೆರ್ ಎಂಬಾತನ ವಿಧಾನವನ್ನು ಪ್ಯಾರಿಸ್ಸಿನಲ್ಲಿ ಬಹಿರಂಗಪಡಿಸಲಾಯಿತು. ಬೆಳ್ಳಿಯ ಲೇಪವುಳ್ಳ ತಾಮ್ರದ ತಗಡಿಗೆ ಅಯೋಡಿನ್ನಿನ ಹಬೆ ಹಿಡಿಸಿ, ಕ್ಯಾಮೆರಾದಲ್ಲಿ ಬೆಳಕಿಗೆ ಒಡ್ಡಿ, ಅನಂತರ ಪಾದರಸದ ಆವಿಯಿಂದ ಬಿಂಬವನ್ನು ಕಾಣಿಸುವ ಕ್ರಮವದು. ಬೆಳಕಿಗೆ ಒಡ್ಡಲು ಹಲವು ನಿಮಿಷಗಳೇ ಬೇಕಾಗಿದ್ದುದರಿಂದ ಮನುಷ್ಯಮುಖವು ಇದಕ್ಕೆ ಒಗ್ಗದೆಂದೇ ಅನೇಕರು ತಿಳಿದಿದ್ದರು. ಆದರೂ ಅದೇ ವರ್ಷ ಅಮೆರಿಕದ ಫಿಲಡೆಲ್ಫಿಯಾದಲ್ಲಿ ರಾಬರ್ಟ್ ಕಾರ್ನೀಲಿಯಸ್ ಎಂಬ ತರುಣನು ತನ್ನ ಮನೆತನದ ದೀಪದ ಅಂಗಡಿಯ ಹಿತ್ತಲಿನಲ್ಲಿ ಕ್ಯಾಮೆರಾ ಇರಿಸಿ, ತಾನೇ ಅದರ ಮುಂದೆ ನಿಂತು ತನ್ನ ಚಿತ್ರವನ್ನು ತೆಗೆದುಕೊಂಡನು. ಇಂದು ಉಳಿದಿರುವ ಭಾವಚಿತ್ರಗಳಲ್ಲಿ ಅತ್ಯಂತ ಹಳೆಯವುಗಳ ಸಾಲಿನಲ್ಲಿ ಅದು ಸೇರಿದೆ. 1840ರ ಸುಮಾರಿಗೆ ಪೆಟ್ಸ್‌ವಾಲ್ ಎಂಬ ಗಣಿತಜ್ಞನು ಹೆಚ್ಚು ಬೆಳಕನ್ನು ಒಳಗೊಳ್ಳುವ ಮಸೂರವನ್ನು ರೂಪಿಸಿದ ಮೇಲೆ ಕಾಯುವ ಕಾಲ ಬಹಳ ತಗ್ಗಿತು. ಹಾಗಿದ್ದರೂ ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಕವೆಯೊಂದನ್ನು ಕೊಡುತ್ತಿದ್ದರು. ನಮ್ಮ ಹಿರಿಯರ ಹಳೆಯ ಚಿತ್ರಗಳಲ್ಲಿ ನಗೆ ಕಾಣದಿರುವುದಕ್ಕೆ ಅವರ ಬಾಳಿನ ದುಃಖವನ್ನೇ ಕಾರಣವಾಗಿ ಹೇಳಬೇಕಾಗಿಲ್ಲ. ಚಿತ್ರಕ್ಕೆ ಗಂಭೀರವಾಗಿ ಕೂರುವುದೇ ಮರ್ಯಾದೆಯೆಂಬ ಪದ್ಧತಿ ಆ ಕಾಲದಿಂದ ಬೇರೂರಿತು.

ಈ ಕಲೆಯ ಮೊದಲ ಹಿರಿಯ ಸಾಧನೆ ಸ್ಕಾಟ್ಲೆಂಡಿನದು. ಅದರ ನಿಮಿತ್ತವು ಧಾರ್ಮಿಕವಾದುದೆಂಬುದು ಸ್ವಾರಸ್ಯದ ಸಂಗತಿ. 1843ರ ಮೇ ತಿಂಗಳಲ್ಲಿ, ಪಾದ್ರಿಯನ್ನು ನೇಮಿಸುವ ಹಕ್ಕು ಜಮೀನುದಾರನದೋ ಸಭೆಯದೋ ಎಂಬ ವಿವಾದದಿಂದ ನಾನೂರಕ್ಕೂ ಹೆಚ್ಚು ಪಾದ್ರಿಗಳು ತಮ್ಮ ಮನೆ, ವೇತನಗಳನ್ನು ಬಿಟ್ಟು ಸ್ಕಾಟ್ಲೆಂಡಿನ ರಾಜಮಾನ್ಯ ಚರ್ಚಿನಿಂದ ಹೊರಬಂದರು. ಡೇವಿಡ್ ಆಕ್ಟೇವಿಯಸ್ ಹಿಲ್ ಎಂಬ ವರ್ಣಚಿತ್ರಕಾರನು ಅವರೆಲ್ಲರನ್ನೂ ಒಂದೇ ಚಿತ್ರದಲ್ಲಿ ಬರೆಯಲು ಸಂಕಲ್ಪಿಸಿ, ಅಷ್ಟು ಮುಖಗಳನ್ನು ನೆನಪಿಟ್ಟುಕೊಳ್ಳುವ ಉಪಾಯವಾಗಿ ರಾಬರ್ಟ್ ಆಡಮ್ಸನ್ ಎಂಬ ಯುವಕನೊಡನೆ ಸೇರಿ ಅವರ ಛಾಯಾಚಿತ್ರಗಳನ್ನು ತೆಗೆಯತೊಡಗಿದನು. ವರ್ಣಚಿತ್ರ ಮುಗಿದದ್ದು 1866ರಲ್ಲಿ. ಇಂದು ಜನರು ಅದನ್ನು ಗೌರವದಿಂದ ನೋಡಿ ಮುಂದಕ್ಕೆ ಹೋಗುತ್ತಾರೆ. ಅದರ ಸಿದ್ಧತೆಗೆಂದು ತೆಗೆದ ಛಾಯಾಚಿತ್ರಗಳ ಮುಂದೆ ನಿಲ್ಲುತ್ತಾರೆ. ಹಿಲ್ ಮತ್ತು ಆಡಮ್ಸನ್ನರು ಸಮೀಪದ ನ್ಯೂಹೇವನ್ ಎಂಬ ಬೆಸ್ತರ ಹಳ್ಳಿಗೂ ಗಮನ ಕೊಟ್ಟು ಅಲ್ಲಿಯ ಮೀನುಮಾರುವ ಹೆಂಗಸರ ಚಿತ್ರಗಳನ್ನೂ ತೆಗೆದರು. ಕಣ್ಣು ಕೆಳಗೆ ಮಾಡಿ ನಿಂತ ಒಬ್ಬಾಕೆಯ ಚಿತ್ರವನ್ನು ಕುರಿತು 1931ರಲ್ಲಿ ಜರ್ಮನಿಯ ವಿಮರ್ಶಕ ವಾಲ್ಟರ್ ಬೆಂಜಮಿನ್ ಬರೆಯುತ್ತ, ಚಿತ್ರಕಾರನ ಚಾತುರ್ಯವನ್ನು ಎಷ್ಟೇ ಕೊಂಡಾಡಿದರೂ ಅಲ್ಲಿ ಬದುಕಿದ್ದವಳ ಹೆಸರೇನೆಂದು ಕೇಳುವ ಏನೋ ಒಂದು ಉಳಿದೇ ಉಳಿಯುತ್ತದೆಂಬ ಆಶಯವನ್ನು ವ್ಯಕ್ತಪಡಿಸಿದನು. ಆಕೆ ಎಲಿಜಬೆತ್ ಜಾನ್‌ಸ್ಟನ್ ಹಾಲ್ ಎಂದು ಇಂದು ಗುರುತಿಸುತ್ತಾರೆ.

1854ರಲ್ಲಿ ಪ್ಯಾರಿಸ್ಸಿನ ದಿಸ್‌ದೇರಿ ಒಂದೇ ಗಾಜಿನ ಫಲಕದ ಮೇಲೆ ಹಲವು ಚಿಕ್ಕ ಚಿತ್ರಗಳನ್ನು ತೆಗೆಯುವ ಕ್ರಮಕ್ಕೆ ಹಕ್ಕುಪತ್ರ ಪಡೆದ ಮೇಲೆ ಭಾವಚಿತ್ರವು ಅಗ್ಗವಾಗಿ, ಭೇಟಿಚೀಟಿಯಷ್ಟು ಚಿಕ್ಕದಾಗಿ, ದೇಶದೇಶಗಳಿಗೆ ಹರಡಿತು. ಪ್ರಾಸಂಗಿಕವಾಗಿ ಒಂದು ಮಾತು: ಆ ಕಾಲದ ಚಿತ್ರದ ಕಾಗದಕ್ಕೆ ಬಳಿಯುತ್ತಿದ್ದುದು ಕೋಳಿಮೊಟ್ಟೆಯ ಬಿಳಿಯ ಭಾಗವನ್ನು. ಹತ್ತೊಂಬತ್ತನೆಯ ಶತಮಾನದಲ್ಲಿ ಚಿತ್ರ ತೆಗೆಸಿಕೊಂಡ ನಮ್ಮ ಎಷ್ಟೋ ಮಂದಿ ಕಟ್ಟಾ ಶಾಕಾಹಾರಿಗಳ ರೂಪಗಳು ಅದರ ಮೇಲೆಯೇ ನೆಲೆಸಿವೆ!

ಈ ಚಿಕ್ಕ ಚಿತ್ರವು ಬಡವರ ಕೈಗೆ ಬಂದಾಗ ಏನಾಯಿತೆಂಬುದಕ್ಕೆ ಅಮೆರಿಕದ ಸೋಜರ್ನರ್ ಟ್ರೂತ್ ನಿದರ್ಶನ. ಗುಲಾಮಳಾಗಿ ಹುಟ್ಟಿ, ಬಿಡುಗಡೆ ಪಡೆದು ಗುಲಾಮಗಿರಿಯ ವಿರುದ್ಧ ಊರೂರು ತಿರುಗಿ ಮಾತನಾಡಿದ ಈಕೆಗೆ ಓದುಬರಹ ಬಾರದು. ಆದರೂ 1864ರಲ್ಲಿ ತನ್ನ ಭಾವಚಿತ್ರದ ಹಕ್ಕನ್ನು ತನ್ನ ಹೆಸರಿಗೇ ದಾಖಲು ಮಾಡಿಸಿ, ನೆರಳನ್ನು ಮಾರಿ ಒಡಲನ್ನು ಪೊರೆಯುತ್ತೇನೆಂಬ ಅರ್ಥದ ಮಾತನ್ನು ಅದರ ಕೆಳಗೆ ಅಚ್ಚುಹಾಕಿಸಿ ಮಾರಿದಳು. ಅದೇ ದೇಶದಲ್ಲಿ ಇದಕ್ಕೆ ಹದಿನಾಲ್ಕು ವರ್ಷ ಹಿಂದೆ, 1850ರಲ್ಲಿ, ಲೂಯಿ ಅಗಾಸಿ ಎಂಬ ಪ್ರಾಣಿಶಾಸ್ತ್ರಜ್ಞನು ಮಾನವಕುಲಗಳು ಮೂಲತಃ ಬೇರೆಬೇರೆ ಎಂಬ ತನ್ನ ವಾದಕ್ಕೆ ಸಾಕ್ಷ್ಯ ಬೇಕೆಂದು ದಕ್ಷಿಣ ಕ್ಯಾರೊಲಿನಾದ ಗುಲಾಮರನ್ನು ಬಟ್ಟೆ ಕಳಚಿಸಿ ನಿಲ್ಲಿಸಿ ಚಿತ್ರ ತೆಗೆಸಿದ್ದನು. ಅವು 1976ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಗ್ರಹಾಲಯವೊಂದರ ಅಟ್ಟದಲ್ಲಿ ಮತ್ತೆ ಬೆಳಕಿಗೆ ಬಂದವು. ಚೀಟಿಗಳ ಮೇಲೆ ಬರೆದಿದ್ದುದರಿಂದ ರೆಂಟಿ, ಆತನ ಮಗಳು ಡೀಲಿಯಾ ಮೊದಲಾದ ಹೆಸರುಗಳು ನಮಗೆ ತಿಳಿದಿವೆ. ತಾನು ರೆಂಟಿಯ ವಂಶದವಳೆಂದು ಹೇಳಿದ ಮಹಿಳೆಯೊಬ್ಬರು 2019ರಲ್ಲಿ ದಾವೆ ಹೂಡಿದರು. 2025ರಲ್ಲಿ ರಾಜಿಯಾಗಿ, ಚಿತ್ರಗಳನ್ನು ದಕ್ಷಿಣ ಕ್ಯಾರೊಲಿನಾದ ಸಂಗ್ರಹಾಲಯವೊಂದಕ್ಕೆ ಒಪ್ಪಿಸಲು ವಿಶ್ವವಿದ್ಯಾಲಯವು ಸಮ್ಮತಿಸಿತು. ಟ್ರೂತ್ ಮತ್ತು ರೆಂಟಿ ಇಬ್ಬರನ್ನೂ ಚಿತ್ರಿಸಿದುದು ಅದೇ ಬೆಳಕು, ಅದೇ ಬಗೆಯ ಯಂತ್ರ.

ಭರತಖಂಡದ ಸಂಗತಿಯೂ ಇದೇ ರೀತಿಯದು. 1857ರ ದಂಗೆಯ ಮುನ್ನಾದಿನಗಳಲ್ಲಿ ಗವರ್ನರ್ ಜನರಲ್ ಕ್ಯಾನಿಂಗ್ ದಂಪತಿಗಳ ಸ್ವಂತ ಆಸಕ್ತಿಯಾಗಿ ಮೊಳೆತ ಸಂಗ್ರಹಕಾರ್ಯವು ದಂಗೆಯ ತರುವಾಯ ಸರ್ಕಾರದ ಕೆಲಸವಾಗಿ ಬೆಳೆದು, 1868ರಿಂದ 1875ರವರೆಗೆ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟಗಳಾಗಿ ಪ್ರಕಟವಾಯಿತು. ನಾನೂರರವತ್ತಕ್ಕೂ ಮಿಗಿಲಾದ ಚಿತ್ರಗಳಿರುವ ಈ ಗ್ರಂಥದಲ್ಲಿ ಹೆಚ್ಚಿನವರ ಮುಖದ ಕೆಳಗೆ ಇರುವುದು ಜಾತಿಯ ಹೆಸರು, ಇಲ್ಲವೆ ಬುಡಕಟ್ಟಿನ ಹೆಸರು. ಈ ಜನ ನಂಬಲರ್ಹರೋ, ದಂಗೆಯಲ್ಲಿ ಯಾರ ಪಕ್ಷ ವಹಿಸಿದ್ದರು ಎಂಬಂಥ ಷರಾಗಳೂ ಇವೆ. 1869ರಲ್ಲಿ ಸೈಯದ್ ಅಹಮದ್ ಖಾನರು ಲಂಡನ್ನಿನಲ್ಲಿದ್ದಾಗ ಈ ಗ್ರಂಥವನ್ನು ನೋಡಿ ನೊಂದು ಊರಿಗೆ ಪತ್ರ ಬರೆದರು. ಅವರ ಮಗ ಪುಟ ತಿರುವುತ್ತಿದ್ದಾಗ ಇಂಗ್ಲಿಷ್ ತರುಣನೊಬ್ಬ ಬಂದು ‘ನೀವು ಹಿಂದುಸ್ತಾನಿಯೇ?’ ಎಂದು ಕೇಳಿದನಂತೆ. ಹೌದೆಂದು ಹೇಳುವಾಗ ಹುಡುಗನ ಮುಖ ಕೆಂಪೇರಿತು. ತಾನು ಆ ಚಿತ್ರದ ಜನರ ಪೈಕಿ ಅಲ್ಲವೆಂದು ಕೂಡಲೇ ತಿಳಿಸಬೇಕಾಯಿತು. ಅವಮಾನ ನಿಜವಾದುದೇ. ಆದರೆ ಆ ಸಂಪುಟಗಳಲ್ಲಿ ನಿಂತ ಹೆಸರಿಲ್ಲದ ಜನರಿಗೆ, ನಾವು ಆ ಪೈಕಿ ಅಲ್ಲ ಎಂದು ಹೇಳಿಕೊಳ್ಳುವ ಅನುಕೂಲವೂ ಇರಲಿಲ್ಲವೆಂಬುದನ್ನು ಮರೆಯಲಾಗದು.

ಇದೇ ಕಾಲದಲ್ಲಿ ನಮ್ಮವರು ತಾವೇ ಇಷ್ಟಪಟ್ಟು ತೆಗೆಸಿಕೊಂಡ ಚಿತ್ರಗಳ ಪರಂಪರೆಯೂ ಬೆಳೆಯಿತು. ಸರ್ಧಾನಾದಲ್ಲಿ 1844ರಲ್ಲಿ ಹುಟ್ಟಿದ ಲಾಲಾ ದೀನ್ ದಯಾಳರು ಹೈದರಾಬಾದಿನ ನಿಜಾಮರ ಆಸ್ಥಾನದ ಛಾಯಾಗ್ರಾಹಕರಾಗಿ ರಾಜಾ ಎಂಬ ಬಿರುದು ಪಡೆದರು. 1892ರಲ್ಲಿ ಅವರು ಹೈದರಾಬಾದಿನಲ್ಲಿ ಗೋಷಾ ಹೆಂಗಸರಿಗಾಗಿಯೇ ಒಂದು ಚಿತ್ರಶಾಲೆ ತೆರೆದು ಅದನ್ನು ಒಬ್ಬ ಆಂಗ್ಲ ಮಹಿಳೆಗೆ ವಹಿಸಿದರು. ಬಂಗಾಳದಲ್ಲಿ 1880ರ ದಶಕದಲ್ಲಿ, ದಕ್ಷಿಣೇಶ್ವರದಲ್ಲಿ ಧ್ಯಾನಮಗ್ನರಾಗಿ ಕುಳಿತ ಶ್ರೀ ರಾಮಕೃಷ್ಣರ ಛಾಯಾಚಿತ್ರವನ್ನು ತೆಗೆಯಲಾಯಿತು; ಇಂದು ಅವರ ಆಶ್ರಮಗಳಲ್ಲಿ ಪೂಜೆಗೊಳ್ಳುವ ರೂಪವು ಅದೇ. ಯಂತ್ರದಿಂದ ಮೂಡಿದ ಪ್ರತಿಕೃತಿಯು ಪೂಜಾರ್ಹವಾಗುವುದು ಪಾಶ್ಚಾತ್ಯ ಚರಿತ್ರೆಕಾರರಿಗೆ ವಿಚಿತ್ರವಾಗಿ ತೋರಿದರೂ ನಮಗೆ ತೋರದು. ಚಿತ್ರ ತೆಗೆಸಿಕೊಂಡರೆ ಆಯುಸ್ಸು ಕುಗ್ಗುತ್ತದೆಂದು ಅಂಜುತ್ತಿದ್ದ ಹಳ್ಳಿಗರೇ, ಮನೆಯ ಹಿರಿಯರು ತೀರಿಕೊಂಡ ಮೇಲೆ ಯಾವುದೋ ಮದುವೆಯ ಗುಂಪುಚಿತ್ರದಿಂದ ಅವರ ಮುಖವನ್ನು ಬೇರ್ಪಡಿಸಿ ದೊಡ್ಡದು ಮಾಡಿಸಿ, ಇಲ್ಲದ ಕೋಟನ್ನು ಬಣ್ಣದಲ್ಲಿ ತೊಡಿಸಿ, ಕಟ್ಟು ಹಾಕಿಸಿ, ಗಾಜಿನ ಮೇಲೆ ವಿಭೂತಿ ಧರಿಸಿ ನಡುಮನೆಯ ಗೋಡೆಗೆ ಏರಿಸುತ್ತಿದ್ದರು.

ಉಪಾಧ್ಯಾಯನಾದ ನನಗೆ ಹೆಚ್ಚು ಪರಿಚಿತವಾದುದು ಶಾಲೆಯ ವರ್ಷಾಂತ್ಯದ ಗುಂಪುಚಿತ್ರ. ‘ಕುಳಿತವರು: ಎಡದಿಂದ ಬಲಕ್ಕೆ’ ಎಂದು ಆರಂಭವಾಗುವ ಆ ಹೆಸರುಗಳ ಸಾಲಿನಲ್ಲಿ ಮುಖ್ಯೋಪಾಧ್ಯಾಯರು, ಸಹೋಪಾಧ್ಯಾಯರು, ‘ನಿಂತವರು’ ಎಂಬಲ್ಲಿ ವಿದ್ಯಾರ್ಥಿಗಳು ಬರುತ್ತಾರೆ. ತುದಿಯಲ್ಲಿ ಕೈಕಟ್ಟಿ ನಿಂತ ವ್ಯಕ್ತಿಯ ಕೆಳಗೆ ‘ಜವಾನ’ ಎಂದಷ್ಟೇ ಅಚ್ಚಾಗಿರುವ ಚಿತ್ರಗಳನ್ನು ನಾನು ಹಲವು ಶಾಲೆಗಳಲ್ಲಿ ಕಂಡಿದ್ದೇನೆ. ಕಲ್ಕತ್ತೆಯಲ್ಲಿ ಹುಟ್ಟಿ, ನಲವತ್ತೆಂಟನೆಯ ವಯಸ್ಸಿನಲ್ಲಿ ಕ್ಯಾಮೆರಾ ಹಿಡಿದು ಟೆನಿಸನ್, ಹರ್ಷೆಲ್, ಡಾರ್ವಿನ್ನರ ಅಮರ ಭಾವಚಿತ್ರಗಳನ್ನು ತೆಗೆದ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಕೂಡ, 1875ರಲ್ಲಿ ಸಿಂಹಳಕ್ಕೆ ಹೋದ ಮೇಲೆ ಅಲ್ಲಿಯ ಕೂಲಿಕಾರರ ಚಿತ್ರಗಳನ್ನು ತೆಗೆದಳು. ಆ ಚಿತ್ರಗಳಲ್ಲಿರುವ ಹೆಚ್ಚಿನವರ ಹೆಸರು ಉಳಿದಿಲ್ಲ. 1936ರಲ್ಲಿ ಕ್ಯಾಲಿಫೋರ್ನಿಯಾದ ಬಟಾಣಿ ಕೀಳುವವರ ಬಿಡಾರದಲ್ಲಿ ಡೊರೊತಿಯಾ ಲ್ಯಾಂಜ್ ತೆಗೆದ ‘ವಲಸೆಯ ತಾಯಿ’ ಎಂಬ ಚಿತ್ರ ಲೋಕಪ್ರಸಿದ್ಧವಾಯಿತು; ಆ ತಾಯಿ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬುದು ಲೋಕಕ್ಕೆ ತಿಳಿದದ್ದು 1978ರಲ್ಲಿ, ಆಕೆಯೇ ಮುಂದೆ ಬಂದಾಗ. ಆ ಚಿತ್ರದಿಂದ ತನಗೇನೂ ದೊರೆಯಲಿಲ್ಲವೆಂದು ಆಕೆ ಕಹಿಯಾಗಿ ಹೇಳಿದಳು.

ಸರ್ಕಾರಗಳಿಗೆ ಮಾತ್ರ ಮುಖವೂ ಬೇಕು, ಹೆಸರೂ ಬೇಕು. 1880ರ ದಶಕದಲ್ಲಿ ಪ್ಯಾರಿಸ್ ಪೊಲೀಸಿನ ಬರ್ಟಿಯೋಂ ಕೈದಿಗಳ ಮುಖವನ್ನು ಎದುರಿನಿಂದಲೂ ಪಕ್ಕದಿಂದಲೂ ತೆಗೆಯುವ ಕ್ರಮವನ್ನು ನೆಲೆಗೊಳಿಸಿದನು. ರಹದಾರಿಯ ಚಿತ್ರ, ನಮ್ಮಲ್ಲಿ 1993ರಿಂದ ಬಂದ ಮತದಾರರ ಗುರುತಿನ ಚೀಟಿಯ ಚಿತ್ರ, ಎಲ್ಲವೂ ಆ ವಂಶದವೇ. 1960ರಲ್ಲಿ ಫ್ರೆಂಚ್ ಸೇನೆಯ ಮಾರ್ಕ್ ಗಾರಾಂಜೆ ಎಂಬ ಸೈನಿಕನು ಅಪ್ಪಣೆಯ ಮೇರೆಗೆ ಆಲ್ಜೀರಿಯಾದ ಸುಮಾರು ಎರಡು ಸಾವಿರ ಹೆಂಗಸರ ಮುಸುಕು ತೆಗೆಸಿ ಗುರುತಿನ ಚಿತ್ರಗಳನ್ನು ತೆಗೆದನು. ಅವರಲ್ಲಿ ಅನೇಕರ ಕಣ್ಣಿನಲ್ಲಿ ಉರಿಯುವ ಕೋಪವನ್ನು ಆ ಚಿತ್ರಗಳು ಮರೆಮಾಚಲಾರವು.

ಆದರೆ ಈ ಬಗೆಯ ಚಿತ್ರವೇ ಮತ್ತೊಂದು ದಾರಿಯನ್ನೂ ಹಿಡಿಯಿತು. ಅರ್ಜೆಂಟೀನಾದಲ್ಲಿ ಸೈನಿಕ ಸರ್ಕಾರವು ಹಿಡಿದೊಯ್ದ ಮಕ್ಕಳಿಗಾಗಿ 1977ರ ಏಪ್ರಿಲ್ 30ರಂದು ಹದಿನಾಲ್ಕು ಮಂದಿ ತಾಯಂದಿರು ಬ್ಯೂನಸ್ ಐರಿಸ್ಸಿನ ಮೇ ಚೌಕದಲ್ಲಿ ಸೇರಿದರು. ಅಂಥವರೇ ಇಲ್ಲವೆಂದು ಸರ್ಕಾರ ಹೇಳುತ್ತಿದ್ದಿತು. ತಾಯಂದಿರ ಬಳಿ ಇದ್ದುದು ಗುರುತಿನ ಚೀಟಿಗೆಂದು ತೆಗೆಸಿದಂಥ ಚಿಕ್ಕ ಚಿತ್ರಗಳು. ಅವನ್ನು ದೊಡ್ಡದು ಮಾಡಿಸಿ, ಎದೆಗೆ ಕಟ್ಟಿಕೊಂಡು, ಕೋಲಿಗೆ ಏರಿಸಿಕೊಂಡು, ಕೆಳಗೆ ಮಗುವಿನ ಹೆಸರನ್ನೂ ಕಾಣೆಯಾದ ದಿನವನ್ನೂ ಬರೆದು, ಅವರು ಗುರುವಾರ ಗುರುವಾರ ಆ ಚೌಕವನ್ನು ಸುತ್ತಿದರು.