ವಿಡಿಯೋ ಗೇಮ್ ಆಡಿ ಕುದುರೆ ನೋಡಿಕೊಳ್ಳುವುದನ್ನು ಕಲಿಯಬಹುದೇ?

ಮೊಬೈಲ್ ಪರದೆಯ ಮೇಲೊಂದು ಲಾಯ. ಅದರಲ್ಲಿ ಕಂದು ಬಣ್ಣದ ಕುದುರೆ. ಅದರ ತಲೆಯ ಮೇಲೆ ಮೂರು ಪಟ್ಟಿಗಳು: ಹಸಿವು, ಸ್ವಚ್ಛತೆ, ಖುಷಿ. ಹಸಿವಿನ ಪಟ್ಟಿ ಕೆಂಪಾಗಿದ್ದರೆ ಹುಲ್ಲಿನ ಚಿತ್ರ ಒತ್ತಬೇಕು. ಸ್ವಚ್ಛತೆಯ ಪಟ್ಟಿ ಕೆಂಪಾಗಿದ್ದರೆ ಬ್ರಶ್ಶನ್ನು ಎಳೆದು ಕುದುರೆಯ ಮೈಮೇಲೆ ಆಡಿಸಬೇಕು. ಎರಡೇ ನಿಮಿಷದಲ್ಲಿ ಎಲ್ಲವೂ ಹಸಿರಾಗುತ್ತವೆ, ಕುದುರೆ ಕೆನೆಯುತ್ತದೆ, ಸವಾರಿ ಶುರುವಾಗುತ್ತದೆ.

ಕುದುರೆ ಸಾಕುವ ಆಟಗಳು ಬಹುಮಟ್ಟಿಗೆ ಹೀಗೇ ಇರುತ್ತವೆ. ಫ್ರಾನ್ಸ್‌ನಲ್ಲಿ 2005ರಲ್ಲಿ ಶುರುವಾದ 'ಹೌರ್ಸ್', ಸ್ವೀಡನ್ನಿನ 'ಸ್ಟಾರ್ ಸ್ಟೇಬಲ್', ಒಲಿಂಪಿಕ್ ಪದಕ ಗೆದ್ದ ಸವಾರರಾದ ಅಲೆಕ್ಸಾಂಡ್ರಾ ಲೆಡರ್‌ಮನ್ ಮತ್ತು ಪಿಪ್ಪಾ ಫನೆಲ್ ಅವರ ಹೆಸರಿನಲ್ಲಿ ಬಂದ ಸರಣಿಗಳು, 2023ರಲ್ಲಿ 'ದಿ ಸಿಮ್ಸ್ 4' ಆಟಕ್ಕೆ ಸೇರಿದ ಕುದುರೆ ಫಾರ್ಮ್ ಎಲ್ಲವೂ ಈ ಕುಟುಂಬದವೇ. ಇವನ್ನು ವರ್ಷಗಟ್ಟಲೆ ಆಡಿದ ಮಗು ಒಂದು ದಿನ ಊಟಿಯಲ್ಲೋ ಸವಾರಿ ಶಾಲೆಯಲ್ಲೋ ನಿಜವಾದ ಕುದುರೆಯ ಮುಂದೆ ನಿಂತು "ನಂಗೆ ಕುದುರೆ ನೋಡ್ಕೊಳ್ಳೋದು ಗೊತ್ತು" ಎನ್ನುತ್ತದೆ. ಈ ಮಾತು ಎಷ್ಟು ನಿಜ?

ಸ್ವಲ್ಪ ನಿಜ. ನಿಜವಲ್ಲದ ಭಾಗದಲ್ಲಿ ಮಾತ್ರ ಮಗುವಿಗೂ ಕುದುರೆಗೂ ಅಪಾಯವಿದೆ. ಹಾಗಾಗಿ ಅದನ್ನೇ ಮೊದಲು ನೋಡೋಣ.

ಹಸಿವಿಗೆ ಪಟ್ಟಿ ಇಲ್ಲ

ಆಟದ ಕುದುರೆಗೆ ಹಸಿವಾಗುತ್ತದೆ, ನಾವು ಮೇವು ಹಾಕುತ್ತೇವೆ, ಹೊಟ್ಟೆ ತುಂಬುತ್ತದೆ. ಇದು ಮನುಷ್ಯರ ಊಟದ ಲೆಕ್ಕ. ಕುದುರೆಯ ಹೊಟ್ಟೆಯ ಲೆಕ್ಕವೇ ಬೇರೆ. 400 ಕಿಲೋ ತೂಗುವ ಪ್ರಾಣಿಯ ಜಠರ ಹಿಡಿಯುವುದು 8ರಿಂದ 15 ಲೀಟರ್ ಮಾತ್ರ. ಹಸುವಿನಂತೆ ಒಮ್ಮೆ ತುಂಬಿಕೊಂಡು ಆಮೇಲೆ ಮೆಲುಕು ಹಾಕುವ ಸೌಲಭ್ಯ ಅದಕ್ಕಿಲ್ಲ. ಹುಲ್ಲುಗಾವಲಿನಲ್ಲಿ ಬಿಟ್ಟರೆ ಅದು ದಿನದ ಹದಿನಾಲ್ಕು ಹದಿನಾರು ಗಂಟೆ ಸ್ವಲ್ಪ ಸ್ವಲ್ಪವಾಗಿ ಮೇಯುತ್ತಲೇ ಇರುತ್ತದೆ. ನಮ್ಮ ಜಠರದಲ್ಲಿ ಊಟದ ಹೊತ್ತಿಗೆ ಆಮ್ಲ ಹೆಚ್ಚಾಗಿ ಸುರಿಯುತ್ತದೆ, ಕುದುರೆಯದರಲ್ಲಿ ಅದು ಹಗಲೂ ರಾತ್ರಿ ಸುರಿಯುತ್ತಲೇ ಇರುತ್ತದೆ. ಜಗಿಯುವಾಗ ಬರುವ ಜೊಲ್ಲು ಆ ಆಮ್ಲವನ್ನು ತಣಿಸುತ್ತದೆ. ನಾಲ್ಕೈದು ಗಂಟೆಗೂ ಹೆಚ್ಚು ಕಾಲ ಬಾಯಿಗೆ ಏನೂ ಇಲ್ಲದಿದ್ದರೆ ಆಮ್ಲ ಜಠರದ ಗೋಡೆಯನ್ನೇ ಸುಡತೊಡಗುತ್ತದೆ. ಲಾಯದಲ್ಲಿ ಕಟ್ಟಿಹಾಕಿದ ಓಟದ ಕುದುರೆಗಳಲ್ಲಿ ಹೊಟ್ಟೆಹುಣ್ಣು ಅಷ್ಟು ಸಾಮಾನ್ಯವಾಗಲು ಇದೊಂದು ಮುಖ್ಯ ಕಾರಣ.

ಅಂದರೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಪಟ್ಟಿ ತುಂಬಿಸುವ ಆಟದ ಕ್ರಮವನ್ನು ನಿಜವಾದ ಕುದುರೆಯ ಮೇಲೆ ಪ್ರಯೋಗಿಸಿದರೆ ಅದಕ್ಕೆ ಕಾಯಿಲೆ ಬರುತ್ತದೆ. ಅದಕ್ಕೆ ಬೇಕಿರುವುದು ದಿನಕ್ಕೆ ತನ್ನ ತೂಕದ ನೂರಕ್ಕೆ ಒಂದೂವರೆಯಿಂದ ಎರಡು ಪಾಲು ಒಣಹುಲ್ಲು. 400 ಕಿಲೋ ಕುದುರೆಗೆ ಇದು 6ರಿಂದ 8 ಕಿಲೋ ಆಗುತ್ತದೆ, ಅದೂ ದಿನವಿಡೀ ಹಂಚಿಕೊಂಡು. ಜೊತೆಗೆ 25ರಿಂದ 40 ಲೀಟರ್ ನೀರು.

ಆಟಗಳಲ್ಲಿ ಕ್ಯಾರೆಟ್, ಸೇಬು, ಓಟ್ಸ್ ಎಂದರೆ ಬಹುಮಾನ. ಎಷ್ಟು ಕೊಟ್ಟರೆ ಅಷ್ಟು ಪ್ರೀತಿ. ಒಂದೆರಡು ಕ್ಯಾರೆಟ್ಟಿನಿಂದ ನಿಜವಾದ ಕುದುರೆಗೂ ತೊಂದರೆಯಿಲ್ಲ. ತೊಂದರೆ ಇರುವುದು ಒಮ್ಮೆಗೇ ಸುರಿಯುವ ಧಾನ್ಯದಲ್ಲಿ. ನಮ್ಮಲ್ಲಿ ಕುದುರೆಯ ದಾಣಿ ಎಂದರೆ ಹುರುಳಿ. ಇಂಗ್ಲಿಷಿನಲ್ಲೂ ಆ ಕಾಳಿಗೆ ಕುದುರೆಯ ಹೆಸರೇ ಅಂಟಿಕೊಂಡಿದೆ. ಯಾವ ಧಾನ್ಯವೇ ಆದರೂ ಹೆಚ್ಚಾದರೆ ಅದರ ಪಿಷ್ಟ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿಯುತ್ತದೆ, ಅಲ್ಲಿ ಹುಲ್ಲನ್ನು ಹುದುಗಿಸುವ ಸೂಕ್ಷ್ಮಜೀವಿಗಳ ಸಮತೋಲ ಕೆಡುತ್ತದೆ. ಪರಿಣಾಮ ಹೊಟ್ಟೆಶೂಲೆಯಾಗಿ ಕಾಣಿಸಿಕೊಳ್ಳಬಹುದು. ವಿಚಿತ್ರವೆನಿಸಿದರೂ ಗೊರಸಿನ ಒಳಗಿನ ಉರಿಯೂತವಾಗಿಯೂ ಕಾಣಿಸಿಕೊಳ್ಳಬಹುದು. ಅದಕ್ಕೆ ಲ್ಯಾಮಿನೈಟಿಸ್ ಎನ್ನುತ್ತಾರೆ. ಅದು ಬಂದ ಕುದುರೆಗೆ ನಿಲ್ಲುವುದೇ ಯಾತನೆ.

ಇನ್ನೊಂದು ವಿಷಯವನ್ನು ನಾವು ನೋಡಿದ ಯಾವ ಆಟವೂ ಹೇಳುವುದಿಲ್ಲ: ಕುದುರೆ ವಾಂತಿ ಮಾಡಲಾರದು. ಅನ್ನನಾಳ ಜಠರಕ್ಕೆ ಸೇರುವಲ್ಲಿ ಇರುವ ಸ್ನಾಯುವಿನ ಉಂಗುರ ಅಷ್ಟು ಬಿಗಿ. ತಪ್ಪಾದದ್ದು ಒಳಗೆ ಹೋದರೆ ಅದು ಹೊರಬರಲು ಉಳಿದಿರುವುದು ಮೀಟರುಗಟ್ಟಲೆ ಉದ್ದದ ಕರುಳಿನ ದಾರಿ ಮಾತ್ರ.

ನೋವನ್ನು ಮುಚ್ಚಿಡುವ ಪ್ರಾಣಿ

ಆಟದ ಕುದುರೆ ತನ್ನ ಕಷ್ಟವನ್ನೆಲ್ಲ ಪಟ್ಟಿಯ ಮೇಲೆ ಬರೆದು ತೋರಿಸುತ್ತದೆ. ನಿಜವಾದ ಕುದುರೆ ಇದಕ್ಕೆ ತದ್ವಿರುದ್ಧ. ಹುಲಿ ತೋಳಗಳ ಬಾಯಿಂದ ತಪ್ಪಿಸಿಕೊಂಡು ಬದುಕಿದ ಪ್ರಾಣಿ ಅದು. ಹಿಂಡಿನಲ್ಲಿ ಕುಂಟುವವನೇ ಬೇಟೆಗಾರನ ಕಣ್ಣಿಗೆ ಮೊದಲು ಬೀಳುವುದರಿಂದ ನೋವನ್ನು ಹೊರಗೆ ತೋರದಿರುವುದೇ ಅದರ ಸ್ವಭಾವವಾಯಿತು. ನಾಯಿಯಂತೆ ಅದು ಕುಂಯ್‌ಗುಡುವುದಿಲ್ಲ. ನಮ್ಮ ಪ್ರಕಾರ ಈ ಆಟಗಳು ಕಲಿಸುವ ಅತಿ ದೊಡ್ಡ ತಪ್ಪು ಇದೇ: ಏನಾದರೂ ಆದರೆ ಕುದುರೆಯೇ ಹೇಳುತ್ತದೆ ಎಂಬ ಭರವಸೆ.

ಹೇಳುವುದೇ ಇಲ್ಲ ಎಂದಲ್ಲ, ಬಹಳ ಮೆಲ್ಲಗೆ ಹೇಳುತ್ತದೆ. 2014ರಲ್ಲಿ ಸಂಶೋಧಕರು ಕುದುರೆಯ ಮುಖದಲ್ಲಿ ನೋವನ್ನು ಓದಲು ಒಂದು ಮಾಪಕ ಪ್ರಕಟಿಸಿದರು. ಗಮನಿಸಬೇಕಾದ ಅಂಶಗಳು ಆರು. ಕಿವಿಗಳು ಸೆಟೆದು ಹಿಂದಕ್ಕೆ ತಿರುಗುವುದು, ಕಣ್ಣಿನ ರೆಪ್ಪೆ ಅರೆಮುಚ್ಚಿ ಬಿಗಿಯಾಗುವುದು, ಕಣ್ಣಿನ ಮೇಲ್ಭಾಗ ಬಿಗಿದು ಮೂಳೆ ಎದ್ದು ಕಾಣುವುದು, ದವಡೆಯ ಸ್ನಾಯು ಉಬ್ಬುವುದು, ತುಟಿ ಬಿಗಿದು ಗದ್ದ ಮುಂದೆ ಬರುವುದು, ಮೂಗಿನ ಹೊಳ್ಳೆ ಎಳೆದಂತಾಗುವುದು. ಒಂದೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ಆಟ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಎಲ್ಲಿ ಸಿಕ್ಕೀತು? ಪಟ್ಟಿಯನ್ನು ತೆಗೆದುಹಾಕಿ ಮುಖವನ್ನೇ ಓದಲು ಬಿಟ್ಟರೆ ಆಟ ಇನ್ನಷ್ಟು ಕಷ್ಟವೂ ಸ್ವಾರಸ್ಯವೂ ಆಗುತ್ತಿತ್ತು.

ಹೊಟ್ಟೆಶೂಲೆಯ ಲಕ್ಷಣಗಳು ಇದಕ್ಕಿಂತ ಸ್ಪಷ್ಟ. ಕುದುರೆ ಮೇವು ಬಿಡುತ್ತದೆ. ಮುಂಗಾಲಿನಿಂದ ನೆಲ ಕೆರೆಯುತ್ತದೆ. ಕುತ್ತಿಗೆ ತಿರುಗಿಸಿ ತನ್ನ ಪಕ್ಕೆಯನ್ನೇ ನೋಡುತ್ತದೆ. ಮೇಲ್ದುಟಿ ಸುರುಳಿ ಸುತ್ತುತ್ತದೆ, ಮೈ ಬೆವರುತ್ತದೆ, ಲದ್ದಿ ಬೀಳುವುದು ನಿಲ್ಲುತ್ತದೆ, ಮತ್ತೆ ಮತ್ತೆ ಮಲಗಿ ಹೊರಳಾಡುತ್ತದೆ. ನೆಲ ಕೆರೆಯುವುದನ್ನು 'ಓಡಲು ಆತುರ' ಎಂದೂ ಹೊರಳಾಟವನ್ನು 'ಖುಷಿ' ಎಂದೂ ತಿಳಿಯುವುದು ಬಹಳ ಸುಲಭ. ಖುಷಿಯಿಂದ ಹೊರಳಿದ ಕುದುರೆ ಎದ್ದು ಮೈಕೊಡವಿ ಮೇಯಲು ಹೋಗುತ್ತದೆ, ಶೂಲೆಯದು ಹಾಗೆ ಮಾಡುವುದಿಲ್ಲ. ಕರುಳು ತಿರುಚಿಕೊಂಡಿದ್ದರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಅಂಥ ಹೊತ್ತಿನಲ್ಲಿ ಮೇವನ್ನು ತೆಗೆದಿಟ್ಟು ಪಶುವೈದ್ಯರನ್ನು ಕರೆಯಬೇಕು. ಔಷಧಿಯ ಬಾಟಲಿ ಒತ್ತಿದೊಡನೆ ಎದ್ದು ನಿಲ್ಲುವ ಕುದುರೆ ಇರುವುದು ಆಟದಲ್ಲಿ ಮಾತ್ರ.

ಹತ್ತಿರ ಹೋಗುವುದು ಹೇಗೆ?

2017ರ 'ಬ್ರೆತ್ ಆಫ್ ದಿ ವೈಲ್ಡ್' ಆಟದಲ್ಲಿ ಕಾಡುಕುದುರೆ ಹಿಡಿಯಬೇಕಾದರೆ ಬಗ್ಗಿಕೊಂಡು, ಸದ್ದೇ ಮಾಡದೆ ಹತ್ತಿರ ಹೋಗಿ, ಗಕ್ಕನೆ ಬೆನ್ನೇರಿ, ಸಮಾಧಾನಪಡಿಸುವ ಗುಂಡಿ ಒತ್ತುತ್ತಾ ಇರಬೇಕು. ನಿಜವಾದ ಕುದುರೆಯ ಬಳಿ ಮಾಡಬಾರದ ಕೆಲಸಗಳ ಪಟ್ಟಿ ಮಾಡಿದರೆ ಇದು ಮೇಲ್ಗಡೆಯೇ ಬರುತ್ತದೆ. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಕ್ಕಿವೆ. ಸುತ್ತಲಿನ 360 ಡಿಗ್ರಿಯಲ್ಲಿ ಹೆಚ್ಚುಕಡಿಮೆ 350 ಡಿಗ್ರಿ ಅದಕ್ಕೆ ಕಾಣುತ್ತದೆ. ಕಾಣದೆ ಉಳಿಯುವುದು ಬಾಲದ ನೇರ ಹಿಂದಿನ ಜಾಗ ಮತ್ತು ಹಣೆಯ, ಮೂತಿಯ ಮುಂದಿನ ಸ್ವಲ್ಪ ಜಾಗ. ಹಿಂದಿನಿಂದ ಸದ್ದಿಲ್ಲದೆ ಬರುವುದು ಬೇಟೆಯ ಪ್ರಾಣಿ ಎಂದೇ ಅದರ ಮೆದುಳಿಗೆ ಗೊತ್ತು. ಉತ್ತರ ಹಿಂಗಾಲಿನ ಒದೆತ. ಆದ್ದರಿಂದ ಮಾತಾಡುತ್ತಾ, ಭುಜದ ಕಡೆಯಿಂದ, ಅದಕ್ಕೆ ಕಾಣುವ ಹಾಗೆ ಹೋಗಬೇಕು. ತಿನಿಸನ್ನು ಚಾಚಿದ ಅಂಗೈಯ ಮೇಲೆ ಇಟ್ಟು ಕೊಡಬೇಕು. ಬಾಯಿಯ ಮುಂದೆ ಇರುವುದು ಅದಕ್ಕೆ ಕಾಣದ ಕಾರಣ ಮಡಿಸಿದ ಬೆರಳೂ ಕ್ಯಾರೆಟ್ಟೂ ಅದಕ್ಕೆ ಒಂದೇ.

ಈ ವಿಷಯದಲ್ಲಿ ನಾವು ಮೆಚ್ಚುವುದು 2018ರ 'ರೆಡ್ ಡೆಡ್ ರಿಡೆಂಪ್ಷನ್ 2' ಆಟವನ್ನು. ಗುಂಡು, ರಕ್ತ ತುಂಬಿರುವ ಅದು ಮಕ್ಕಳ ಆಟವಲ್ಲ. ಆದರೂ ಅದರ ಕುದುರೆ ಹಾವು ಕಂಡರೆ ಬೆದರುತ್ತದೆ, ಬೆದರಿದಾಗ ಕುತ್ತಿಗೆ ತಟ್ಟಿ ಸಮಾಧಾನ ಮಾಡಬೇಕಾಗುತ್ತದೆ, ಸವಾರನ ಮೇಲಿನ ನಂಬಿಕೆ ನಾಲ್ಕು ಹಂತಗಳಲ್ಲಿ ನಿಧಾನವಾಗಿ ಬೆಳೆಯುತ್ತದೆ.

ಕಣ್ಣಿನ ಮಾತು ಬಂದಾಗ ಬಣ್ಣದ ಬಗ್ಗೆಯೂ ಒಂದು ಮಾತು. ಕುದುರೆಗೆ ಬಣ್ಣವೇ ಕಾಣದು ಎಂಬುದು ಸುಳ್ಳು. ಅದಕ್ಕೆ ನೀಲಿ, ಹಳದಿ ಚೆನ್ನಾಗಿ ಕಾಣುತ್ತವೆ. ಕೆಂಪು, ಕಿತ್ತಳೆ, ಹಸಿರನ್ನು ಬೇರೆಬೇರೆಯಾಗಿ ಗುರುತಿಸುವುದು ಕಷ್ಟ. ಬ್ರಿಟನ್ನಿನಲ್ಲಿ ಅಡೆತಡೆ ಹಾರುವ ರೇಸುಗಳ ಬೇಲಿಗೆ ಬಳಿಯುತ್ತಿದ್ದ ಕಿತ್ತಳೆ ಬಣ್ಣವನ್ನು ಬಿಳಿಗೆ ಬದಲಾಯಿಸಿದ್ದು ಇದೇ ಕಾರಣಕ್ಕೆ.

ಆಟಗಳು ಸರಿಯಾಗಿ ಹೇಳುವುದು

ಮೈ ಉಜ್ಜುವ ಕೆಲಸವನ್ನು ಈ ಆಟಗಳು ಬಹಳ ಹಿಡಿದುಕೊಂಡಿವೆ. ಅದು ಸರಿಯೇ. ಕುದುರೆಗಳು ಒಂದರ ಬೆನ್ನನ್ನೊಂದು ಹಲ್ಲಿನಿಂದ ಕೆರೆದು ಸ್ನೇಹ ಬೆಳೆಸುತ್ತವೆ. ಕುತ್ತಿಗೆ ಬೆನ್ನಿಗೆ ಸೇರುವ ಎತ್ತರದ ಜಾಗದಲ್ಲಿ ಕೆರೆದರೆ ಕುದುರೆಯ ಹೃದಯದ ಬಡಿತ ಇಳಿಯುತ್ತದೆ ಎಂದು 1993ರಲ್ಲೇ ಒಂದು ಅಧ್ಯಯನ ತೋರಿಸಿದೆ. ಅಲ್ಲದೆ ಮಾಲೀಸು ಮಾಡುವಾಗಲೇ ಗಾಯ, ಊತ, ಜೀನು ಉಜ್ಜಿದ ಹುಣ್ಣು ಕೈಗೆ ಸಿಗುವುದು. ಗೊರಸಿನ ಕಲ್ಲುಮಣ್ಣು ತೆಗೆಯುವುದನ್ನೂ ಹಲವು ಆಟಗಳು ಕಲಿಸುತ್ತವೆ, ಇದು ದಿನವೂ ಮಾಡಬೇಕಾದ ಕೆಲಸ. ಗೊರಸು ನಮ್ಮ ಉಗುರಿನಂತೆ ಬೆಳೆಯುತ್ತಲೇ ಇರುವುದರಿಂದ ಆರರಿಂದ ಎಂಟು ವಾರಕ್ಕೊಮ್ಮೆ ಲಾಳ ಕಟ್ಟುವವರು ಬಂದು ಅದನ್ನು ಕತ್ತರಿಸಬೇಕು ಎಂಬುದನ್ನು ಮಾತ್ರ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಕುದುರೆಯ ಬಣ್ಣ, ತಳಿ, ಜೀನು ಲಗಾಮುಗಳ ಹೆಸರು, ಯಾವುದನ್ನು ಮೊದಲು ಹಾಕಬೇಕು ಎಂಬ ಕ್ರಮವನ್ನೂ ಮಕ್ಕಳು ಆಟದಿಂದ ಚೆನ್ನಾಗಿಯೇ ಕಲಿಯುತ್ತಾರೆ. ಕಾಲದ ವಿಷಯದಲ್ಲಿ ಆಟ ಸುಳ್ಳು ಹೇಳಲೇಬೇಕು. ಹೆಣ್ಣುಕುದುರೆ ಮರಿ ಹಾಕಲು ಹನ್ನೊಂದು ತಿಂಗಳು ಬೇಕು, ಅಷ್ಟು ಕಾಯುತ್ತಾ ಯಾರು ಆಡುತ್ತಾರೆ?

ಓಟದ ಗುಂಡಿ

ಒಮ್ಮೆ ಒತ್ತಿದರೆ ನಡಿಗೆ, ಎರಡು ಸಲ ಒತ್ತಿದರೆ ಟ್ರಾಟ್, ಮತ್ತೆ ಒತ್ತಿದರೆ ಕ್ಯಾಂಟರ್, ಕೊನೆಗೆ ನಾಗಾಲೋಟ. ಈ ನಾಲ್ಕು ನಡೆಗಳು ನಿಜ. ನೆಲಕ್ಕೆ ಗೊರಸು ಬೀಳುವ ಸದ್ದನ್ನು ಎಣಿಸಿದರೆ ಕ್ರಮವಾಗಿ ನಾಲ್ಕು, ಎರಡು, ಮೂರು, ನಾಲ್ಕು. ಓಡುವಾಗ ನಾಲ್ಕೂ ಕಾಲು ಒಟ್ಟಿಗೆ ಗಾಳಿಯಲ್ಲಿರುತ್ತವೆಯೇ ಎಂಬ ಪ್ರಶ್ನೆಗೆ 1878ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲಾಗಿ ಕ್ಯಾಮೆರಾ ಇಟ್ಟು ಉತ್ತರ ಹುಡುಕಿದ. ಇರುತ್ತವೆ. ಆದರೆ ಹಿಂದಿನ ಚಿತ್ರಕಾರರು ಬರೆದಂತೆ ಮುಂದಕ್ಕೂ ಹಿಂದಕ್ಕೂ ಚಾಚಿಕೊಂಡಾಗ ಅಲ್ಲ, ಹೊಟ್ಟೆಯ ಕೆಳಗೆ ಮಡಿಸಿಕೊಂಡಾಗ.

ಆಟದಲ್ಲಿ ಶಕ್ತಿಯ ಪಟ್ಟಿ ಮುಗಿದರೆ ಹತ್ತು ಸೆಕೆಂಡು ನಿಂತು ಮತ್ತೆ ಓಡಬಹುದು. ನಿಜವಾದ ಕುದುರೆ ಓಡುವಾಗ ಒಳಗೆ ನಡೆಯುವುದು ಬೆರಗು ಹುಟ್ಟಿಸುವಂಥದ್ದು. ನಿಂತಾಗ ನಿಮಿಷಕ್ಕೆ ಮೂವತ್ತು ನಲವತ್ತು ಇದ್ದ ಹೃದಯಬಡಿತ 200 ದಾಟುತ್ತದೆ. ಗುಲ್ಮ, ಅಂದರೆ ಸ್ಪ್ಲೀನ್, ಕುಗ್ಗಿ ತಾನು ಕೂಡಿಟ್ಟ ಕೆಂಪು ರಕ್ತಕಣಗಳನ್ನು ರಕ್ತಕ್ಕೆ ಸುರಿಯುತ್ತದೆ. ಕುದುರೆ ಬಾಯಿಂದ ಉಸಿರಾಡಲಾರದು, ಎಲ್ಲವೂ ಮೂಗಿನಿಂದಲೇ. ನಾಗಾಲೋಟದಲ್ಲಿ ಒಂದು ನೆಗೆತಕ್ಕೆ ಒಂದೇ ಉಸಿರು. ಬಿಸಿಲಿನಲ್ಲಿ ದುಡಿಯುವ ಕುದುರೆ ಗಂಟೆಗೆ 10 ಲೀಟರಿನಷ್ಟು ಬೆವರು ಸುರಿಸಬಹುದು. ಓಡಿ ಬಂದ ಕುದುರೆಯ ಮೈಗೆ ತಣ್ಣೀರು ಹಾಕಬಾರದು ಎಂಬ ನಂಬಿಕೆ ಇಂದಿಗೂ ಇದೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗಾಗಿ ನಡೆದ ಅಧ್ಯಯನಗಳು ಅದು ಸರಿಯಲ್ಲ ಎಂದು ತೋರಿಸಿದವು. ಬಿಸಿಯೇರಿದ ಕುದುರೆಗೆ ತಣ್ಣೀರು ಸುರಿಯುವುದೇ ಒಳ್ಳೆಯ ಉಪಾಯ.

ಹಾಗಾದರೆ ಸವಾರಿ? ಅದು ಗುಂಡಿಯಿಂದ ಬರುವುದಿಲ್ಲ. ಸವಾರ ಕೂತ ಭಂಗಿ, ತೂಕ ಎತ್ತ ವಾಲಿದೆ ಎಂಬುದು, ಮೀನಖಂಡದ ಒತ್ತಡ, ಲಗಾಮಿನ ಎಳೆತ, ಇವೇ ಕುದುರೆಗೆ ಭಾಷೆ. ಬೆರಳು ಕಲಿತದ್ದು ಸೊಂಟಕ್ಕೆ ಗೊತ್ತಾಗದು. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದ ಈವೆಂಟಿಂಗ್‌ನಲ್ಲಿ ಬೆಳ್ಳಿ ಗೆದ್ದರು, ಟೋಕಿಯೋ ಒಲಿಂಪಿಕ್ಸ್‌ನಲ್ಲೂ ಸ್ಪರ್ಧಿಸಿದರು. ಅವರ ತಂದೆ ಕುದುರೆಗಳ ವೈದ್ಯರು. ಆ ಸ್ಪರ್ಧೆಯಲ್ಲಿ ಕಣಕ್ಕಿಳಿಯುವ ಮೊದಲು ಕುದುರೆಯನ್ನು ತೀರ್ಪುಗಾರರ, ವೈದ್ಯರ ಮುಂದೆ ಓಡಿಸಿ ತೋರಿಸಬೇಕು. ಕಾಲು ಕುಂಟಿದರೆ ಸವಾರ ಎಷ್ಟೇ ನಿಪುಣನಾದರೂ ಅಲ್ಲಿಗೇ ಮುಗಿಯಿತು.

ಆಟ ಆಡಿ ಆಸೆಪಟ್ಟ ಮಗುವನ್ನು ಸವಾರಿ ತರಗತಿಗೆ ಸೇರಿಸುವ ಯೋಚನೆ ನಿಮಗಿದ್ದರೆ ಮೊದಲ ದಿನವೇ ಕುದುರೆ ಹತ್ತಿಸಿ ಎಂದು ಕೇಳಬೇಡಿ. ಅಳತೆಗೆ ಸರಿಯಾದ ಹೆಲ್ಮೆಟ್, ಹಿಮ್ಮಡಿ ಇರುವ ಬೂಟು ಬೇಕು, ಏಕೆಂದರೆ ಹಿಮ್ಮಡಿಯಿಲ್ಲದ ಪಾದ ರಿಕಾಪಿನೊಳಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಒಂದು ಗಂಟೆ ಲಾಯದವರ ಜೊತೆ ನಿಂತು ನೋಡಲು ಅವಕಾಶ ಕೊಡುತ್ತಾರೆಯೇ ಎಂದು ವಿಚಾರಿಸಿ. ಈ ಕುದುರೆ ಇವತ್ತು ಸರಿಯಾಗಿದೆ ಎಂದು ನಿಮಗೆ ಹೇಗೆ ಗೊತ್ತಾಯಿತು ಎಂದು ಆ ಲಾಯದವರನ್ನು ಮಗುವೇ ಕೇಳಲಿ. ಬೆಳಿಗ್ಗೆ ಬಿದ್ದ ಲದ್ದಿ, ಮಿಕ್ಕ ಹುಲ್ಲು, ಬಕೆಟ್ಟಿನ ನೀರು, ಕಿವಿ, ಕಣ್ಣು ಎಂದು ಅವರು ಒಂದೊಂದಾಗಿ ತೋರಿಸುತ್ತಾರೆ.