ಉತಾರದಿಂದ ಪಾಸ್‌ಪೋರ್ಟ್‌ವರೆಗೆ: ಎಸ್.ಎಂ. ಕೃಷ್ಣ ಹಾದಿ

ಗಜೇಂದ್ರಗಡ: ಹೊಲದ ಉತಾರ ಬೇಕಂದ್ರೆ ಒಂದು ಕಾಲಕ್ಕೆ ತಲಾಟಿಯನ್ನು ಹುಡುಕಿಕೊಂಡು ಹೋಗಬೇಕಿತ್ತು. ಕೈಬರಹದ ದಫ್ತರ ಅವರ ಹತ್ತಿರವೇ ಇರುತ್ತಿತ್ತು. ಬ್ಯಾಂಕ್ ಸಾಲಕ್ಕಾಗಲಿ, ಕೋರ್ಟ್ ಕೆಲಸಕ್ಕಾಗಲಿ ರೈತ ಅವರ ದಾರಿ ಕಾಯಬೇಕಿತ್ತು. ಈ ಪದ್ಧತಿ ಬದಲಾಗಿದ್ದು ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ.

ಹಿನ್ನೆಲೆ: 1932ರ ಮೇ 1ರಂದು ಮದ್ದೂರು ತಾಲೂಕಿನ ಸೋಮನಹಳ್ಳಿಯಲ್ಲಿ ಜನನ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದು, ಬೆಂಗಳೂರಿನಲ್ಲಿ ಕಾನೂನು ಪದವಿ. ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಅಮೆರಿಕದಲ್ಲಿ ಉನ್ನತ ವ್ಯಾಸಂಗ. 1962ರಲ್ಲಿ ಮದ್ದೂರಿನಿಂದ ಪಕ್ಷೇತರರಾಗಿ ಗೆದ್ದು ವಿಧಾನಸಭೆ ಪ್ರವೇಶಿಸಿದರು. ಮುಂದೆ ಸಂಸದ, ಸ್ಪೀಕರ್, ಉಪಮುಖ್ಯಮಂತ್ರಿಯೂ ಆದರು.

‘ಭೂಮಿ’ ಯೋಜನೆ: 1999ರ ಅಕ್ಟೋಬರ್‌ನಿಂದ 2004ರ ಮೇವರೆಗೆ ಅವರು ಮುಖ್ಯಮಂತ್ರಿ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಉಸ್ತುವಾರಿಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ತಾಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರತಿ ಕೈಗೆ ಬರುತ್ತಿತ್ತು. ಅಧಿಕಾರಿಯ ಬೆರಳಚ್ಚು ಇಲ್ಲದೆ ದಾಖಲೆ ತಿದ್ದಲು ಬರದಂತೆ ವ್ಯವಸ್ಥೆ ಮಾಡಲಾಯಿತು. ಗಜೇಂದ್ರಗಡ ಆಗ ರೋಣ ತಾಲೂಕಿನಲ್ಲಿತ್ತು. ಹೀಗಾಗಿ ಇಲ್ಲಿನ ರೈತರಿಗೆ ರೋಣವೇ ಉತಾರದ ಊರಾಯಿತು. ಆದರೆ ಹಳೆಯ ದಫ್ತರದಲ್ಲಿದ್ದ ತಪ್ಪು ಕಂಪ್ಯೂಟರ್‌ಗೂ ಬಂದರೆ, ತಿದ್ದುಪಡಿಗೆ ಅಲೆದಾಟ ತಪ್ಪಲಿಲ್ಲ.

ಐಟಿಗೆ ಒತ್ತು ಕೊಟ್ಟ ಕೃಷ್ಣ ‘ಹೈಟೆಕ್ ಮುಖ್ಯಮಂತ್ರಿ’ ಎನಿಸಿಕೊಂಡರು. ಅದೇ ವರ್ಷಗಳಲ್ಲಿ ರಾಜ್ಯಕ್ಕೆ ಬೆನ್ನುಬೆನ್ನಿಗೆ ಬರ. ಬೆಂಗಳೂರಿಗೆ ಕೊಟ್ಟ ಗಮನ ಹಳ್ಳಿಗೆ ಸಿಗಲಿಲ್ಲ ಎಂಬ ಮಾತು ಬಲವಾಯಿತು. 2004ರ ಚುನಾವಣೆಯಲ್ಲಿ ಕಾಂಗ್ರೆಸ್ 65 ಸ್ಥಾನಕ್ಕೆ ಕುಸಿಯಿತು.

ವಿದೇಶಾಂಗ ಖಾತೆ: ಮಹಾರಾಷ್ಟ್ರದ ರಾಜ್ಯಪಾಲರಾದ ಬಳಿಕ, 2009ರ ಮೇನಿಂದ 2012ರ ಅಕ್ಟೋಬರ್‌ವರೆಗೆ ವಿದೇಶಾಂಗ ಸಚಿವರಾಗಿದ್ದರು. 2010ರಲ್ಲಿ ಭಾರತ 187 ಮತ ಪಡೆದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಆಯ್ಕೆಯಾಯಿತು. 2011ರಲ್ಲಿ ಅದೇ ಮಂಡಳಿಯಲ್ಲಿ ಪೋರ್ಚುಗಲ್ ಸಚಿವರ ಭಾಷಣವನ್ನು ತಪ್ಪಾಗಿ ಓದಿ ಟೀಕೆಗೂ ಗುರಿಯಾದರು. 2012ರ ಸೆಪ್ಟೆಂಬರ್‌ನಲ್ಲಿ ಇಸ್ಲಾಮಾಬಾದ್‌ನಲ್ಲಿ ಪಾಕಿಸ್ತಾನದೊಂದಿಗೆ ವೀಸಾ ನಿಯಮ ಸಡಿಲಿಸುವ ಒಪ್ಪಂದವಾಯಿತು.

ಜನಸಾಮಾನ್ಯರಿಗೆ ಹತ್ತಿರವಾದ ಕೆಲಸ ಪಾಸ್‌ಪೋರ್ಟ್ ಸೇವಾ ಕೇಂದ್ರ. 2010ರಲ್ಲಿ ಪ್ರಾಯೋಗಿಕವಾಗಿ ಶುರುವಾದ ಕೇಂದ್ರಗಳಲ್ಲಿ ಹುಬ್ಬಳ್ಳಿಯದೂ ಒಂದು. ಗದಗ ಜಿಲ್ಲೆಯವರು ಪಾಸ್‌ಪೋರ್ಟ್ ಅರ್ಜಿಗೆ ಬೆಂಗಳೂರಿನತನಕ ಹೋಗೋದು ತಪ್ಪಿತು.

2017ರಲ್ಲಿ ಬಿಜೆಪಿ ಸೇರಿದ ಕೃಷ್ಣ, 2023ರಲ್ಲಿ ಪದ್ಮವಿಭೂಷಣ ಪಡೆದರು. 2024ರ ಡಿಸೆಂಬರ್ 10ರಂದು 92ನೇ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಗಜೇಂದ್ರಗಡ ಈಗ ಪ್ರತ್ಯೇಕ ತಾಲೂಕು. ಉತಾರ ಮೊಬೈಲ್‌ನಲ್ಲೇ ನೋಡಬಹುದು.