ಸಾಕೆಟ್ ಮೆಮೊರಿ ಲೆಕ್ಕ (ಲಿನಕ್ಸ್)

ಸಾಕೆಟ್ ಮೆಮೊರಿ ಲೆಕ್ಕ ಎಂಬುದು ಲಿನಕ್ಸ್ ಕರ್ನಲ್‌ನ ಜಾಲ ವಿಭಾಗದಲ್ಲಿ ಪ್ರತಿಯೊಂದು ಸಾಕೆಟ್ ಬಳಸುವ ಮೆಮೊರಿಯನ್ನು ಎಣಿಸಿ, ಅದನ್ನು ಮಿತಿಯೊಳಗೆ ಇರಿಸುವ ವ್ಯವಸ್ಥೆಯಾಗಿದೆ. ಈ ಲೆಕ್ಕ ತಪ್ಪಿದರೆ ಹೊರಗಿನ ಗಣಕಯಂತ್ರಗಳು ಕಳುಹಿಸುವ ಪ್ಯಾಕೆಟ್‌ಗಳೇ ಸರ್ವರ್‌ನ ಮೆಮೊರಿಯನ್ನು ಬರಿದುಮಾಡಬಲ್ಲವು.

ಕಾರ್ಯವಿಧಾನ

ಕರ್ನಲ್ ಪ್ರತಿ ಪ್ಯಾಕೆಟ್ ಅನ್ನು 'ಎಸ್‌ಕೆ-ಬಫ್' ಎಂಬ ರಚನೆಯಲ್ಲಿ ಇರಿಸುತ್ತದೆ. ಇದರಲ್ಲಿ 'ಲೆನ್' ಎಂಬ ಸಂಖ್ಯೆಯು ದತ್ತಾಂಶದ ಉದ್ದವನ್ನೂ 'ಟ್ರೂಸೈಜ್' ಎಂಬುದು ಆ ಪ್ಯಾಕೆಟ್‌ಗಾಗಿ ವಾಸ್ತವವಾಗಿ ವ್ಯಯವಾದ ಮೆಮೊರಿಯನ್ನೂ ಸೂಚಿಸುತ್ತವೆ. ಒಂದೇ ಬೈಟ್ ದತ್ತಾಂಶವಿರುವ ಪ್ಯಾಕೆಟ್ ಸಹ ನೂರಾರು ಬೈಟ್ ಜಾಗ ಹಿಡಿಯುವುದರಿಂದ, ಮಿತಿಗಳನ್ನು ಟ್ರೂಸೈಜ್ ಆಧಾರದಲ್ಲಿ ಪರಿಶೀಲಿಸಲಾಗುತ್ತದೆ. ಪ್ಯಾಕೆಟ್ ಸಾಕೆಟ್‌ನ ಸರತಿಗೆ ಸೇರಿದಾಗ ಈ ಮೊತ್ತವನ್ನು ಸಾಕೆಟ್‌ನ ಖಾತೆಗೆ ಕೂಡಿಸಿ, ಬಿಡುಗಡೆಯಾದಾಗ ಅಷ್ಟನ್ನೇ ಕಳೆಯಲಾಗುತ್ತದೆ. ಎಲ್ಲ ಟಿಸಿಪಿ ಸಾಕೆಟ್‌ಗಳಿಗೂ ಒಟ್ಟಾಗಿ 'ಟಿಸಿಪಿ-ಮೆಮ್' ಎಂಬ ಮಿತಿಯಿದ್ದು, ಅದರ ಮೂರು ಹಂತಗಳನ್ನು ಬೈಟ್‌ಗಳ ಬದಲು ಮೆಮೊರಿ ಪುಟಗಳ ಸಂಖ್ಯೆಯಲ್ಲಿ ನಮೂದಿಸಲಾಗುತ್ತದೆ.

ದೋಷದ ಬಗೆಗಳು

* ಕಡಿಮೆ ಎಣಿಕೆ: ಚಾಲಕ ತಂತ್ರಾಂಶವು 4096 ಬೈಟ್‌ಗಳ ಇಡೀ ಪುಟವನ್ನು ಪ್ಯಾಕೆಟ್‌ಗೆ ಜೋಡಿಸಿ, ಅದರಲ್ಲಿರುವ ಕೆಲವೇ ಬೈಟ್‌ಗಳನ್ನು ಎಣಿಸಿದರೆ ಮಿತಿ ಮೀರದಂತೆ ಕಂಡರೂ ಮೆಮೊರಿ ಖಾಲಿಯಾಗುತ್ತದೆ.
* ಅಸಮತೋಲನ: ಪ್ಯಾಕೆಟ್ ಸರತಿಯಲ್ಲಿರುವಾಗ ಟ್ರೂಸೈಜ್ ಬದಲಾಗಿ, ಖಾತೆಯನ್ನು ಅದಕ್ಕೆ ತಕ್ಕಂತೆ ತಿದ್ದದಿದ್ದರೆ ಕೂಡಿಸಿದ ಮತ್ತು ಕಳೆದ ಮೊತ್ತಗಳು ಬೇರೆಯಾಗುತ್ತವೆ. ಸಾಕೆಟ್ ನಾಶವಾಗುವಾಗ ಖಾತೆ ಸೊನ್ನೆಗೆ ಬಂದಿದೆಯೇ ಎಂದು ಕರ್ನಲ್ ಪರೀಕ್ಷಿಸಿ, ಇಲ್ಲದಿದ್ದರೆ ಎಚ್ಚರಿಕೆಯನ್ನು ದಾಖಲಿಸುತ್ತದೆ.

2011ರ ತಿದ್ದುಪಡಿ

ಆರಂಭದ ಟ್ರೂಸೈಜ್ ಲೆಕ್ಕವು ಎಸ್‌ಕೆ-ಬಫ್ ರಚನೆಯನ್ನೂ ದತ್ತಾಂಶದ ಜಾಗದ ಒಂದು ಭಾಗವನ್ನೂ ಮಾತ್ರ ಒಳಗೊಂಡಿತ್ತು. ಪ್ಯಾಕೆಟ್‌ನೊಂದಿಗೆ ಇರುವ 'ಎಸ್‌ಕೆಬಿ-ಶೇರ್ಡ್-ಇನ್ಫೋ' ರಚನೆಯೂ, ಕೇಳಿದ್ದಕ್ಕಿಂತ ದೊಡ್ಡ ತುಂಡು ಮಂಜೂರಾದಾಗ ಹೆಚ್ಚುವರಿಯಾಗಿ ಸೇರುವ ಜಾಗವೂ ಲೆಕ್ಕಕ್ಕೆ ಬರುತ್ತಿರಲಿಲ್ಲ. 2011ರ ಅಕ್ಟೋಬರ್‌ನಲ್ಲಿ ಎರಿಕ್ ಡ್ಯುಮಾಜೆ ಈ ಕೊರತೆಯನ್ನು ಸರಿಪಡಿಸಿದರು. ಬದಲಾವಣೆಯು ಲಿನಕ್ಸ್ 3.2 ಆವೃತ್ತಿಯಲ್ಲಿ ಸೇರಿತು. ಅದೇ ಅವಧಿಯಲ್ಲಿ ಹಲವು ಜಾಲ ಚಾಲಕಗಳ ಕಡಿಮೆ ಎಣಿಕೆಯನ್ನೂ ತಿದ್ದಲಾಯಿತು.

ಪರಿಣಾಮ

ಎಣಿಕೆ ನಿಖರವಾದಂತೆ ಪ್ರತಿ ಪ್ಯಾಕೆಟ್‌ನ ಲೆಕ್ಕದ ತೂಕ ಹೆಚ್ಚಿತು. ಹಿಂದೆ ತಲುಪದಿದ್ದ ಮಿತಿಗಳನ್ನು ಕೆಲವು ವ್ಯವಸ್ಥೆಗಳು ಈಗ ತಲುಪಿ, ಅವುಗಳ ವೇಗ ಕುಗ್ಗಬಹುದೆಂದು ತಿದ್ದುಪಡಿಯ ಟಿಪ್ಪಣಿಯೇ ಎಚ್ಚರಿಸಿತ್ತು. ಅಂತಹ ಸಂದರ್ಭದಲ್ಲಿ ಹಳೆಯ ಲೆಕ್ಕಕ್ಕೆ ಮರಳದೆ, ಮಿತಿಗಳನ್ನೇ ವಾಸ್ತವಕ್ಕೆ ತಕ್ಕಂತೆ ಹೊಂದಿಸಬೇಕಾಗುತ್ತದೆ.